ಡಾಕ್ಟರ್ ಅಂಕಲ್ ಮತ್ತು ಹೆಪ್ಪುಗಟ್ಟಿದ ಪಂಪು

ನನ್ನ ಫೋನಿನಲ್ಲಿ ಮೂರು ಊರುಗಳ ಹವಾಮಾನ ಕಾಣುತ್ತದೆ. ಮೊದಲನೆಯದು ಅಮೆರಿಕದಲ್ಲಿ ನಾವಿರುವ ಫೇರ್‌ಫ್ಯಾಕ್ಸ್. ಎರಡನೆಯದು ಅಮ್ಮ ಇರುವ ಮೈಸೂರು. ಅಲ್ಲಿ ಸೆಖೆಯೋ ಮಳೆಯೋ ಮೊದಲೇ ಗೊತ್ತಿದ್ದರೆ ಫೋನಿನಲ್ಲಿ ಮಾತು ಶುರುಮಾಡುವುದು ಸುಲಭ. ಮೂರನೆಯದು ಇಲ್ಲಿಂದ ಪಶ್ಚಿಮಕ್ಕೆ, ಬೆಟ್ಟಗಳ ನಡುವೆ ಇರುವ ಒಂದು ಪುಟ್ಟ ಹಳ್ಳಿ. ಅಲ್ಲಿ ನನಗೆ ಮನೆಯಿಲ್ಲ, ನೆಂಟರಿಲ್ಲ, ಅಂಗೈಯಗಲ ಜಾಗವೂ ಇಲ್ಲ. ಆದರೂ ಜನವರಿ ಬಂತೆಂದರೆ ಹಲ್ಲುಜ್ಜುವುದಕ್ಕೂ ಮೊದಲು ಅಲ್ಲಿ ಎಷ್ಟು ಚಳಿ ಎಂದು ನೋಡಿಬಿಡುತ್ತೇನೆ.

“ಶುರು ಆಯ್ತಾ ನಿಂದು?” ಎನ್ನುತ್ತಾನೆ ನನ್ನ ಗಂಡ ರಘು, ಹೊದಿಕೆಯೊಳಗಿಂದಲೇ.

ಗಾಬರಿ ನಮ್ಮ ಮನೆತನದ ಆಸ್ತಿ. ಅಪ್ಪ ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಹಿಡಿದು ಜೋತಾಡಿ ನೋಡುತ್ತಿದ್ದರು. ಬೀದಿಯ ತುದಿಗೆ ಹೋಗಿ ಮತ್ತೆ ಬಂದು ಜೋತಾಡುತ್ತಿದ್ದರು. ಒಮ್ಮೆ ಬೆಂಗಳೂರಿಗೆ ಮದುವೆಗೆಂದು ಹೊರಟ ನಮ್ಮನ್ನೆಲ್ಲ ರೈಲಿನಲ್ಲೇ ಬಿಟ್ಟು, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಮಂಡ್ಯದಲ್ಲಿ ಇಳಿದು ಬಸ್ಸು ಹಿಡಿದು ವಾಪಸು ಹೋದರು. ಗ್ಯಾಸ್ ಆಫ್ ಆಗಿತ್ತು. ಧಾರೆ ಮುಗಿದು ಊಟದ ಎಲೆ ಎತ್ತುವ ಹೊತ್ತಿಗೆ ಛತ್ರಕ್ಕೆ ಬಂದು, ಬೆವರು ಒರೆಸಿಕೊಳ್ಳುತ್ತ, “ನೋಡ್ಕೊಂಡು ಬಂದಿದ್ದು ಒಳ್ಳೇದೇ ಆಯ್ತು” ಎಂದರು. ಅವರ ಮುಖದಲ್ಲಿದ್ದ ನೆಮ್ಮದಿ ಮದುವೆಮನೆಯಲ್ಲಿ ಬೇರೆ ಯಾರ ಮುಖದಲ್ಲೂ ಇರಲಿಲ್ಲ. ಅಂಥವರ ಮಗಳು ನಾನು. ನನ್ನ ಕೈಗೆ ಯಾರಾದರೂ ಒಂದು ಯಂತ್ರವನ್ನು, ಅದೂ ಚಳಿಗೆ ಒಡೆದುಹೋಗುವ ಯಂತ್ರವನ್ನು ಒಪ್ಪಿಸಬಾರದಿತ್ತು. ಒಪ್ಪಿಸಿದವರು ಡಾಕ್ಟರ್ ಅಂಕಲ್.

ಡಾಕ್ಟರ್ ಅಂಕಲ್ ಮಂಡ್ಯದ ಕಡೆಯವರು. ನಾನು ಹುಟ್ಟುವುದಕ್ಕೂ ಮೊದಲೇ ಅಮೆರಿಕಕ್ಕೆ ಬಂದು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರಾಗಿ ದುಡಿದು ನಿವೃತ್ತರಾದವರು. ನಮಗೂ ಅವರಿಗೂ ಪರಿಚಯವಾದದ್ದು ನಮ್ಮ ಕಡೆಯ ಲ್ಯಾನ್‌ಹ್ಯಾಮ್ ಎಂಬ ಊರಿನ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ. “ಪುಳಿಯೋಗರೆಗೆ ಬೆಲ್ಲ ಹಾಕಿಲ್ಲ” ಎಂದು ನಾನು ರಘುವಿಗೆ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು, ಹಿಂದೆ ನಿಂತಿದ್ದ ಅವರು “ಹೌದಮ್ಮ, ನಾನೂ ಅದನ್ನೇ ಅಂದ್ಕೊಂಡೆ” ಎಂದರು. ಬೆಲ್ಲದಿಂದ ಶುರುವಾದ ಸ್ನೇಹ.

ಅವರಿಗೆ ಆ ಬೆಟ್ಟಗಳ ನಡುವೆ ಒಂದಿಷ್ಟು ಜಮೀನಿತ್ತು, ತುಂಬಾ ಮೇಪಲ್ ಮರಗಳು, ಕೊರೆದರೆ ಸಿಹಿ ರಸ ಒಸರುವಂಥವು. ಕೋವಿಡ್ ಬಂದು ಎಲ್ಲರೂ ಮನೆಯೊಳಗೆ ಕೂತ ವರ್ಷ ಅವರು ಹೆಂಡತಿ ಶ್ಯಾಮಲಾ ಆಂಟಿಯನ್ನು ಕರೆದುಕೊಂಡು ಅಲ್ಲಿಗೆ ಹೋದರು. ಹೋದವರು ಸುಮ್ಮನೆ ಕೂರಲಿಲ್ಲ. ಮರಗಳಿಗೆ ತೂತು ಕೊರೆದು, ಮರದಿಂದ ಮರಕ್ಕೆ ನೀಲಿ ಪೈಪು ಎಳೆದರು. ರಸ ತಾನಾಗಿಯೇ ಇಳಿಜಾರಿನಲ್ಲಿ ಹರಿದು ಕೆಳಗಿನ ತೊಟ್ಟಿಗೆ ಬಂದು ಬೀಳುತ್ತದೆ. ಅಲ್ಲಿಂದ ಒಂದು ಪಂಪು ಅದನ್ನು ಮೇಲಕ್ಕೆ, ದೊಡ್ಡ ಸೌದೆ ಒಲೆಯಿರುವ ಶೆಡ್ಡಿನ ತೊಟ್ಟಿಗೆ ಏರಿಸುತ್ತದೆ. ಶೆಡ್ಡಿನಲ್ಲಿ ಮಂಚದಷ್ಟು ಅಗಲದ ಸ್ಟೀಲ್ ಬಾಣಲೆ. ಅದರಲ್ಲಿ ಕುದಿಸಿ ಕುದಿಸಿ ಇಂಗಿಸಿದರೆ ಕೊನೆಗೆ ಜೋನಿಬೆಲ್ಲದಂಥ ಸಿರಪ್. ಆ ಶೆಡ್ಡಿಗೆ ಅಂಕಲ್ ಇಟ್ಟ ಹೆಸರು ಆಲೆಮನೆ.

ಆಲೆಮನೆ ಎಂದರೆ ಸಾಕು, ನನ್ನ ಮೂಗು ಮದ್ದೂರಿನ ಹತ್ತಿರದ ಸೋದರಮಾವನ ಊರಿಗೆ ಹೋಗಿಬಿಡುತ್ತದೆ. ಕಬ್ಬಿನ ಸಿಪ್ಪೆ ಉರಿಯುವ ಹೊಗೆ, ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನಹಾಲಿನ ನೊರೆ, ಹತ್ತಿರ ಬಂದರೆ ಬೈಯುವ ಮಾವ. ಬೈದ ಮೇಲೆ ತಾವೇ ಕಬ್ಬಿನ ತುಂಡನ್ನು ಬಿಸಿ ಪಾಕದಲ್ಲಿ ಅದ್ದಿ ಕೊಡುತ್ತಿದ್ದರು. ನಾಲಿಗೆ ಸುಟ್ಟುಕೊಳ್ಳದೆ ಅದನ್ನು ತಿಂದ ಮಗು ಆ ಊರಿನಲ್ಲಿ ಇರಲಿಲ್ಲ. ಅಂಕಲ್ ಅವರ ಶೆಡ್ಡಿನಲ್ಲೂ ಸ್ವಲ್ಪ ಅದೇ ವಾಸನೆ. ಆದರೆ ಕಬ್ಬಿಗಿಲ್ಲದ ಒಂದು ತಾಪತ್ರಯ ಮೇಪಲ್‌ಗಿದೆ. ರಾತ್ರಿ ನೀರು ಗಡ್ಡೆಕಟ್ಟುವಷ್ಟು ಚಳಿ, ಹಗಲು ಕರಗುವಷ್ಟು ಬಿಸಿಲು, ಎರಡೂ ಇದ್ದರೆ ಮಾತ್ರ ಮರ ರಸ ಇಳಿಸುತ್ತದೆ. ಯಾವ ಚಳಿ ರಸ ಕೊಡುತ್ತದೋ ಅದೇ ಚಳಿ ಪೈಪು, ಪಂಪು, ಬಾಣಲೆಗಳನ್ನು ಒಡೆಯಲು ಕಾದಿರುತ್ತದೆ. ಪಂಪಿನ ಹೊಟ್ಟೆಯಲ್ಲಿ ಒಂದು ಲೋಟ ನೀರು ನಿಂತರೂ ಬೆಳಗಾಗುವಷ್ಟರಲ್ಲಿ ಅದು ಮಂಜುಗಡ್ಡೆಯಾಗಿ ಹಿಗ್ಗಿ, ಕಬ್ಬಿಣವನ್ನೇ ಸೀಳುತ್ತದೆ. ಅದಕ್ಕೇ ಅಂಕಲ್ ದಿನಾ ಸಂಜೆ ಎಲ್ಲವನ್ನೂ ಖಾಲಿ ಮಾಡುತ್ತಿದ್ದರು. ಪಂಪಿನ ಗೂಡಿನಲ್ಲಿ ಒಂದು ಪುಟ್ಟ ಹೀಟರನ್ನೂ ಇಟ್ಟಿದ್ದರು.

ಎರಡು ವರ್ಷದ ಹಿಂದಿನ ಫೆಬ್ರವರಿಯಲ್ಲಿ, ಒಂದು ಗುರುವಾರ, ಅಂಕಲ್ ಒಲೆಯ ಮುಂದೆ ನಿಂತವರು ಎದೆ ಹಿಡಿದುಕೊಂಡು ಸೌದೆಯ ರಾಶಿಯ ಮೇಲೆ ಕುಳಿತರು. ಶ್ಯಾಮಲಾ ಆಂಟಿ ಅವರನ್ನು ಕಾರಿಗೆ ಹತ್ತಿಸಿ ಹೊರಟೇಬಿಟ್ಟರು. ಬಾಣಲೆಯಲ್ಲಿ ಅರ್ಧ ಇಂಗಿದ ರಸ, ತೊಟ್ಟಿಗಳಲ್ಲಿ ರಸ, ಪೈಪಿನಲ್ಲಿ ರಸ, ಪಂಪಿನಲ್ಲಿ ರಸ. ಎಲ್ಲವೂ ಇದ್ದಲ್ಲೇ ಉಳಿಯಿತು. ಹತ್ತಿರದ ಆಸ್ಪತ್ರೆಯವರು ನೋಡಿ ನಮ್ಮ ಕಡೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬೈಪಾಸ್ ಆಗಬೇಕು, ಸೋಮವಾರ ಎಂದು ಗೊತ್ತಾಯಿತು.

ಶುಕ್ರವಾರ ಸಂಜೆ ನಾವು ನೋಡಲು ಹೋದೆವು. ಮೂಗಿಗೆ ಆಕ್ಸಿಜನ್ ನಳಿಕೆ, ಎದೆಗೆ ವೈರುಗಳು. ನಾನು ಅವರ ಕಾಲ ಬಳಿ ನಿಂತೆ.

“ವಸುಧಾ, ನಾಳೆ ರಾತ್ರಿ ಅಲ್ಲಿ ಎಷ್ಟು ಇಳಿಯುತ್ತೆ ನೋಡು” ಎಂದರು.

ಆಗಲೇ ನಾನು ಆ ಹಳ್ಳಿಯ ಹೆಸರನ್ನು ಮೊದಲ ಬಾರಿಗೆ ಫೋನಿನಲ್ಲಿ ಒತ್ತಿದ್ದು. ಫ್ಯಾರನ್‌ಹೀಟಿನಲ್ಲಿ ಒಂದಂಕಿ, ನೀರು ಮೂವತ್ತೆರಡಕ್ಕೇ ಗಡ್ಡೆಕಟ್ಟುತ್ತದೆ. ಬಾಯಿಬಿಟ್ಟು ಹೇಳಬೇಕೋ ಬೇಡವೋ ಎಂದು ನಾನು ತಡವರಿಸುವಷ್ಟರಲ್ಲಿ ಅವರು ನನ್ನ ಮುಖವನ್ನೇ ಓದಿಬಿಟ್ಟರು.

“ಹೀಟರ್ ಇದೆ, ಇರ್ಲಿ. ಆದ್ರೆ ಕರೆಂಟ್ ಹೋದ್ರೆ? ಪೈಪ್ ಲೈನ್ ಖಾಲಿ ಮಾಡಿಲ್ಲ. ಪಂಪ್ ಡ್ರೈನ್ ಮಾಡಿಲ್ಲ. ಶ್ಯಾಮಲಾ, ನಂಗೆ ಒಂದು ದಿನ ಡಿಸ್ಚಾರ್ಜ್ ಕೊಡ್ತಾರಾ ಕೇಳು.”

“ಕೊಡ್ತಾರೆ, ಕೊಡ್ತಾರೆ” ಎಂದರು ಆಂಟಿ. ಧ್ವನಿ ಗಟ್ಟಿಯಾಗಿತ್ತು, ಕೈ ಮಾತ್ರ ಹೊದಿಕೆಯ ಅಂಚನ್ನು ಮಡಿಸುತ್ತಲೇ ಇತ್ತು.

“ನಾವು ಹೋಗ್ತೀವಿ ಅಂಕಲ್” ಎಂದ ರಘು. “ಡ್ರೈನ್ ಮಾಡಿ ಬರ್ತೀವಿ. ಅದರಲ್ಲೇನಿದೆ?”

ರಘುವಿನ ಬಾಯಲ್ಲಿ “ಅದರಲ್ಲೇನಿದೆ” ಬಂದ ಕೆಲಸಗಳೆಲ್ಲ ಎಲ್ಲಿ ಮುಟ್ಟಿದವೆಂದು ನಾನು ಬಲ್ಲೆ. ಮನೆಗೆ ಬಂದವಳೇ ಟವೆಲ್ಲು, ಸ್ಪ್ಯಾನರ್, ಫ್ಲಾಸ್ಕ್, ಹೇರ್ ಡ್ರೈಯರ್ ಎಲ್ಲ ಚೀಲಕ್ಕೆ ತುಂಬಿದೆ. ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. “ಅಮ್ಮಾ, ಇಟ್ಸ್ ಜಸ್ಟ್ ಟ್ರೀ ವಾಟರ್. ಯಾಕೆ ಇಷ್ಟು ಟೆನ್ಷನ್?” ಎಂದಳು ಅವಳು. ನಾನು ಚೀಲಕ್ಕೆ ಇನ್ನೂ ಎರಡು ಟವೆಲ್ಲು ತುರುಕಿದೆ.

ಶನಿವಾರ ಬೆಳಿಗ್ಗೆ ಹೊರಟೆವು. ಬೆಟ್ಟ ಹತ್ತುತ್ತಿದ್ದಂತೆ ಮಳೆ ಬಂದು, ಬಿದ್ದಲ್ಲೇ ಹೆಪ್ಪುಗಟ್ಟತೊಡಗಿತು. ಕೊಂಬೆ, ಬೇಲಿ, ತಂತಿ ಎಲ್ಲದಕ್ಕೂ ಗಾಜಿನ ತೊಡಿಗೆ. ನೋಡಲು ಎಷ್ಟು ಚಂದವೋ ಅಷ್ಟು ಭಯ. ಹಳ್ಳಿಗೆ ತಿರುಗುವ ರಸ್ತೆಯಲ್ಲಿ ಒಂದು ಕೊಂಬೆ ಮುರಿದು ಕರೆಂಟಿನ ತಂತಿಯ ಮೇಲೆ ಒರಗಿತ್ತು. ಅದನ್ನು ಇಬ್ಬರೂ ನೋಡಿದೆವು.

ಪಂಪಿನ ಗೂಡಿನ ಬಾಗಿಲು ತೆರೆದರೆ ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಹೀಟರಿನ ಕೆಂಪು ದೀಪ ಆರಿತ್ತು. ಪಂಪಿನ ತಳದಲ್ಲಿ ನೀರು ಬಿಡಲು ಒಂದು ತಿರುಪು ಇರುತ್ತದೆ, ಅದನ್ನು ತೆಗೆದರೆ ಆಯಿತು ಎಂದು ಅಂಕಲ್ ಹೇಳಿದ್ದರು. ರಘು ಸ್ಪ್ಯಾನರ್ ಹಾಕಿ ತಿರುಗಿಸಿದ. ಅದು ಅಲ್ಲಾಡಲಿಲ್ಲ. ನಾನು ಗೆದ್ದವಳಂತೆ ಹೇರ್ ಡ್ರೈಯರ್ ಹೊರತೆಗೆದು, ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತೆ.

“ಕರೆಂಟ್ ಇಲ್ಲ ಕಣೇ” ಎಂದ ರಘು, ತುಂಬಾ ಮೆಲ್ಲಗೆ.

ಬಿಸಿನೀರು ಬೇಕಿತ್ತು. ಬಾವಿಯ ಮೋಟಾರಿಗೂ ಕರೆಂಟಿಲ್ಲ. ಮೇಲೆ ಶೆಡ್ಡಿನಲ್ಲಿ ಸೌದೆ ಒಲೆಯೊಂದೇ ಯಾರ ಹಂಗೂ ಇಲ್ಲದೆ ಉರಿಯಬಲ್ಲದು. ಹತ್ತಿ ಹೋಗಿ ನೋಡಿದರೆ ಬಾಣಲೆಯ ರಸ ಅಂಚಿನಲ್ಲಿ ಆಗಲೇ ಗಡ್ಡೆಕಟ್ಟುತ್ತಿತ್ತು. ಇನ್ನೊಂದು ರಾತ್ರಿ ಕಳೆದಿದ್ದರೆ ಅದರ ಬೆಸುಗೆಯೂ ಬಿಟ್ಟುಕೊಳ್ಳುತ್ತಿತ್ತು. ಬೆಂಕಿ ಹಾಕಿದೆವು. ರಸ ಕಾಯಿತು. ಅದನ್ನೇ ಕೆಟಲಿಗೆ, ಫ್ಲಾಸ್ಕಿಗೆ ಬಗ್ಗಿಸಿಕೊಂಡು ಇಳಿಜಾರಿನಲ್ಲಿ ಜಾರುತ್ತ, ಕುಂಡೆಯೂರುತ್ತ ಕೆಳಗಿಳಿದೆವು. ಜ್ವರ ಬಂದ ಮಗುವಿಗೆ ಹೊದಿಸುವ ಹಾಗೆ ಪಂಪಿಗೆ ಟವೆಲ್ ಸುತ್ತಿ, ಮೇಲೆ ಬಿಸಿ ರಸ ಸುರಿದೆವು. ಒಂದು ಕೆಟಲು, ಇನ್ನೊಂದು, ಮತ್ತೊಂದು. ನನ್ನ ಕೈಗವಸು, ಸ್ಪ್ಯಾನರ್, ರಘುವಿನ ಮೀಸೆ ಎಲ್ಲವೂ ಅಂಟಂಟು.

“ತಿರುಗ್ತು! ತಿರುಗ್ತು!” ಎಂದು ರಘು ಕೂಗಿದ. ತಿರುಪು ಸಡಿಲವಾಗಿ ನೀರು ತೊಟ್ಟಿಕ್ಕತೊಡಗಿತು. ಆದರೆ ನೀರು ತಿರುಪಿನಿಂದ ಮಾತ್ರ ಬರುತ್ತಿರಲಿಲ್ಲ. ಪಂಪಿನ ಹೊಟ್ಟೆಗುಂಟ ಕೂದಲೆಳೆಯಷ್ಟು ತೆಳ್ಳಗೆ ಒಂದು ಬಿರುಕು, ಅಲ್ಲಿಂದಲೂ ಒಸರುತ್ತಿತ್ತು. ನಾವು ಬರುವ ಮೊದಲೇ ಅದು ಒಡೆದಿತ್ತು.

ನಾನು ಕೆಸರಿನಲ್ಲೇ ಕುಳಿತುಬಿಟ್ಟೆ. ಆ ಬಿರುಕಿನ ಮೇಲೆ ಬೆರಳಾಡಿಸಿದೆ. ಹುಚ್ಚು ಎಂದು ಗೊತ್ತಿದ್ದರೂ ಒಂದೇ ಯೋಚನೆ ತಲೆ ತುಂಬಿತ್ತು. ಇದು ಒಡೆದಿದೆ ಎಂದರೆ ಅಂಕಲ್‌ಗೂ ಏನೋ ಆಗುತ್ತದೆ.

ಹಾಗೆ ಕುಳಿತಿದ್ದಾಗ ಮೂಗಿಗೆ ವಾಸನೆ ಬಡಿಯಿತು. ಸೀದ ವಾಸನೆ.

ಚಿಕ್ಕವಳಿದ್ದಾಗ ನಮ್ಮ ಬಚ್ಚಲಿನಲ್ಲಿ ತಾಮ್ರದ ಹಂಡೆಯಿತ್ತು. ನೀರಿಲ್ಲದ ಹಂಡೆಗೆ ಉರಿ ಹಾಕಿದರೆ ಅದು ತಳ ಬಿಟ್ಟು ಕೈಗೆ ಬರುತ್ತದೆಂದು ಅಜ್ಜಿ ದಿನಾ ಎಚ್ಚರಿಸುತ್ತಿದ್ದರು. ನಾವು ಬಾಣಲೆಯಿಂದ ಬಗ್ಗಿಸಿ ಬಗ್ಗಿಸಿ ತಂದಿದ್ದೆವು, ಮೇಲಿನ ತೊಟ್ಟಿಯಿಂದ ಅದಕ್ಕೆ ರಸ ಇಳಿಯುವ ನಳಿಕೆ ಹೆಪ್ಪುಗಟ್ಟಿ ನಿಂತಿದೆಯೆಂದು ಗಮನಿಸಿರಲಿಲ್ಲ. ಒಲೆ ಮಾತ್ರ ಧಗಧಗ ಉರಿಯುತ್ತಿತ್ತು.

“ರಘು, ಹಂಡೆ!” ಎಂದು ಕಿರುಚಿ ಓಡಿದೆ. ಪಾಪ, ಅವನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಗೀಸರ್ ನೀರಿನಲ್ಲಿ ಮಿಂದು ಬೆಳೆದವನು. ಯಾವ ಹಂಡೆ ಎಂದು ಕೇಳುತ್ತಲೇ ಹಿಂದೆ ಓಡಿಬಂದ. ಶೆಡ್ಡಿನೊಳಗೆ ಹೊಗೆ ತುಂಬಿತ್ತು. ರಘು ಸ್ಟೂಲ್ ಹತ್ತಿ, ಕೊಡಲಿಯ ಹಿಂಬದಿಯಿಂದ ತೊಟ್ಟಿಯ ಮೇಲಿನ ಮಂಜುಗಡ್ಡೆಯನ್ನು ಒಡೆದ. ಅದರ ಕೆಳಗೆ ರಸ ಇನ್ನೂ ನೀರಾಗಿಯೇ ಇತ್ತು. ಅವನು ಬಕೆಟಿನಲ್ಲಿ ಮೊಗೆದು ಕೊಟ್ಟ, ನಾನು ಬಾಣಲೆಗೆ ಸುರಿದೆ. ಚುಂಯ್ ಎಂದು ಎದ್ದ ಆವಿಯಲ್ಲಿ ಒಬ್ಬರಿಗೊಬ್ಬರು ಕಾಣದಂತಾದೆವು. ಆವಿ ಇಳಿದ ಮೇಲೆ ಬಗ್ಗಿ ನೋಡಿದರೆ ಬಾಣಲೆಯ ಒಂದು ಮೂಲೆ ಕಪ್ಪಾಗಿತ್ತು. ತೂತಾಗಿರಲಿಲ್ಲ.

ಕತ್ತಲಾಗುವವರೆಗೆ ಉಳಿದ ಕೆಲಸ ಮಾಡಿದೆವು. ನೀಲಿ ಪೈಪನ್ನು ತಗ್ಗಿನ ಜಾಗಗಳಲ್ಲಿ ಬಿಚ್ಚಿ, ಸಾಲುಸಾಲಾಗಿ ಎತ್ತಿ ಹಿಡಿದು ನೀರು ಬಸಿದೆವು. ಕೆಳಗಿನ ತೊಟ್ಟಿಯ ರಸದಲ್ಲಿ ಹೊರುವಷ್ಟನ್ನು ಹೊತ್ತು ತಂದು, ಉಳಿದದ್ದನ್ನು ಹೊಟ್ಟೆ ಉರಿಸಿಕೊಂಡು ಪಕ್ಕದ ತೊರೆಗೆ ಬಿಟ್ಟೆವು. ಬಾಣಲೆ, ತೊಟ್ಟಿ, ನಳಿಕೆ ಎಲ್ಲವನ್ನೂ ಖಾಲಿ ಮಾಡಿ, ಕೂಡಿಟ್ಟ ರಸದ ಬಕೆಟ್ಟುಗಳನ್ನು ಒಲೆಯ ಸುತ್ತ ಜೋಡಿಸಿದೆವು. ಬೆರಳುಗಳು ಯಾರದೋ ಬೆರಳುಗಳಂತಾಗಿದ್ದವು.

ಫೋನಿಗೆ ಸಿಗ್ನಲ್ ಸಿಗುವುದು ರಸ್ತೆಯ ತಿರುವಿನಲ್ಲಿ ಮಾತ್ರ. ಕಾರಿನಲ್ಲಿ ಅಲ್ಲಿಗೆ ಹೋಗಿ ನಿಂತೆವು.

“ಪಂಪ್ ವಿಷಯ ಹೇಳ್ಬೇಡ” ಎಂದ ರಘು. “ಆಪರೇಷನ್ ಮುಗೀಲಿ. ಎಲ್ಲಾ ಸರಿಯಾಗಿದೆ ಅಂದ್ಬಿಡು.”

ಫೋನ್ ಎತ್ತಿದ್ದು ಶ್ಯಾಮಲಾ ಆಂಟಿ. ಅವರು ರೂಮಿನಿಂದ ಹೊರಗೆ ಬಂದು ಮಾತಾಡುತ್ತಿದ್ದಾರೆಂದು ಹೆಜ್ಜೆಯ ಸದ್ದಿನಿಂದಲೇ ಗೊತ್ತಾಯಿತು.

“ನಿನ್ನೆಯಿಂದ ಕಣ್ಣೇ ಮುಚ್ಚಿಲ್ಲ ಕಣೇ ಇವರು. ಮಾತ್ರೆ ಕೊಟ್ರೂ ಬೇಡ ಅಂತಾರೆ. ಜೀವಮಾನ ಪೂರ್ತಿ ಬೇರೆಯವರಿಗೆ ನಿದ್ದೆ ಬರಿಸಿದೋರು, ಈಗ ತಾವು ಮಲಗೋಕೆ ಭಯ ಪಡ್ತಿದಾರೆ. ಬಾಯಿಬಿಟ್ಟು ಹೇಳಲ್ಲ. ಪಂಪು, ಪಂಪು ಅಂತಾರೆ ಅಷ್ಟೆ.” ಮತ್ತೆ ಒಳಗೆ ಹೋಗಿ, “ತಗೋ, ಕೊಡ್ತೀನಿ” ಎಂದರು.

“ಏನಮ್ಮಾ, ಏನಾಯ್ತು?” ಅಂಕಲ್ ಧ್ವನಿ.

ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಸುಳ್ಳು ಹೇಳಿದರೆ ಧ್ವನಿ ಕೀರಲಾಗುತ್ತದೆ, ಅದು ಅವರಿಗೂ ಗೊತ್ತು. ಸುಳ್ಳೆಂದು ತಿಳಿದುಬಿಟ್ಟರೆ, ಸೋಮವಾರ ಡಾಕ್ಟರುಗಳು “ಏನೂ ಆಗಲ್ಲ” ಎನ್ನುವುದನ್ನು ಅವರು ಹೇಗೆ ನಂಬಬೇಕು?

“ಪಂಪ್ ಒಡೆದುಹೋಗಿದೆ ಅಂಕಲ್. ನಾವು ಬರೋಷ್ಟರಲ್ಲೇ ಕರೆಂಟ್ ಹೋಗಿತ್ತು.”

ರಘು ಹಣೆ ಚಚ್ಚಿಕೊಂಡ. ಆ ಕಡೆಯಿಂದ ಆಸ್ಪತ್ರೆಯ ಯಂತ್ರದ ಬೀಪ್ ಮಾತ್ರ ಕೇಳುತ್ತಿತ್ತು. ನಾನು ಅದನ್ನೇ ಎಣಿಸುವವಳಂತೆ ಕಿವಿಗೊಟ್ಟೆ.

“ಲೈನ್ ಖಾಲಿ ಆಯ್ತಾ?”

“ಪೂರ್ತಿ ಖಾಲಿ ಮಾಡಿದೀವಿ.”

“ಬಾಣಲೆ?”

“ಒಂದು ಮೂಲೆ ಸೀದಿದೆ. ತೂತಾಗಿಲ್ಲ.”

“ನೀವಿಬ್ರು?”

“ಚೆನ್ನಾಗಿದೀವಿ ಅಂಕಲ್. ಅಂಟಂಟಾಗಿದೀವಿ, ಅಷ್ಟೆ.”

“ಹಾಗಾದ್ರೆ ಉಳೀತು ಬಿಡು” ಎಂದರು. ಉಸಿರು ಬಿಟ್ಟದ್ದು ಕೇಳಿಸಿತು. “ಪಂಪ್ ಹೋದ್ರೆ ಇನ್ನೊಂದು ಬರುತ್ತೆ. ಈಗ ಮೊದಲಿಂದ ಹೇಳು. ತಿರುಪು ಹೇಗೆ ತೆಗೆದ್ರಿ?”

ಮೊದಲಿನಿಂದ ಹೇಳಿದೆ. ಹೇರ್ ಡ್ರೈಯರ್ ಹಿಡಿದು ನಿಂತದ್ದು ಹೇಳಿದಾಗ ಅವರು ನಕ್ಕರು, ನಗುವಾಗ ಎದೆ ನೋಯಿತೇನೋ, “ಅಯ್ಯೋ” ಎಂದರು. ಟವೆಲ್ ಸುತ್ತಿದ್ದು, ರಘುವಿನ ಮೀಸೆ, ಹಂಡೆ ಎಂದು ಕಿರುಚಿದ್ದು, ಕೊಡಲಿ, ಆವಿ. ಅವರು ಹೂಂಗುಡುತ್ತಿದ್ದರು. ಹೂಂ ನಿಧಾನವಾಯಿತು. ಪೈಪು ಬಸಿದದ್ದನ್ನು ಹೇಳುವಾಗ ಹೂಂ ಬರಲೇ ಇಲ್ಲ.

“ಅಂಕಲ್? ಅಂಕಲ್?”

“ಶ್! ಮಲಗಿದಾರೆ” ಎಂದರು ಆಂಟಿ, ಪಿಸುಮಾತಿನಲ್ಲಿ.

ರಾತ್ರಿ ಶೆಡ್ಡಿನ ಒಲೆಯ ಪಕ್ಕದಲ್ಲೇ ಮುದುರಿಕೊಂಡು ಕಳೆದೆವು. ಭಾನುವಾರ ಬೆಳಗಾದಾಗ ಕೊರೆಯುವ ಚಳಿ, ಆದರೆ ಆಕಾಶ ತೊಳೆದಿಟ್ಟಂತಿತ್ತು. ಕೂಡಿಟ್ಟ ರಸವನ್ನೆಲ್ಲ ಬಾಣಲೆಗೆ ಹಾಕಿ ಕುದಿಸಿದೆವು, ಈ ಸಲ ಒಬ್ಬರಲ್ಲ ಒಬ್ಬರು ಒಲೆಯ ಮುಂದೆಯೇ ಇದ್ದೆವು. ಅಂಕಲ್ ಅವರ ಬಳಿ ಪಾಕ ಅಳೆಯುವ ಉಪಕರಣ ಇತ್ತು, ನನಗೆ ಅದನ್ನು ಓದಲು ಬರಲಿಲ್ಲ. ಮಾವ ಮಾಡುತ್ತಿದ್ದ ಹಾಗೆ ಸೌಟು ಎತ್ತಿ, ಹನಿ ಹೇಗೆ ಬೀಳುತ್ತದೆಂದು ನೋಡಿ ಇಳಿಸಿದೆ. ಬಣ್ಣ ಕಾಫಿ ಡಿಕಾಕ್ಷನ್ನಿನಂತೆ. ಕೆಲವು ಬಾಟಲಿ ತುಂಬಿದವು. ಬಾಣಲೆ ಒರೆಸಿ, ಶೆಡ್ಡಿನ ಬಾಗಿಲು ಹಾಕಿ ಹೊರಟೆವು. ಬೀಗ ಹಿಡಿದು ನಾನು ಜೋತಾಡಿದ್ದನ್ನು ರಘು ಕಂಡೂ ಕಾಣದವನಂತೆ ಕಾರು ಸ್ಟಾರ್ಟ್ ಮಾಡಿದ.

ಸೋಮವಾರ ನಾನು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಫೋನು ತೊಡೆಯ ಮೇಲೆ. ಮಧ್ಯಾಹ್ನದ ಹೊತ್ತಿಗೆ ಶ್ಯಾಮಲಾ ಆಂಟಿಯ ಮೆಸೇಜು ಬಂತು. ಒಂದೇ ಪದ: “ಆಯ್ತು.”

ಕನ್ನಡದಲ್ಲಿ ಇದಕ್ಕಿಂತ ಭಯಂಕರ ಪದವಿಲ್ಲ. ಆಯ್ತು ಎಂದರೆ ಆಪರೇಷನ್ ಆಯ್ತೇ, ಇಲ್ಲ ಎಲ್ಲವೂ ಆಗಿಹೋಯ್ತೇ? ಕುರ್ಚಿ ಹಿಂದಕ್ಕೆ ತಳ್ಳಿ, ಎಲ್ಲರೂ ನೋಡುತ್ತಿರುವಂತೆಯೇ ಕಾರಿಡಾರಿಗೆ ಓಡಿದೆ. ನಂಬರು ಎರಡು ಸಲ ತಪ್ಪಿತು.

“ಆಂಟಿ, ಏನಾಯ್ತು?”

“ಆಪರೇಷನ್ ಆಯ್ತು ಕಣೇ, ಇನ್ನೇನು? ಚೆನ್ನಾಗಾಯ್ತಂತೆ. ಇನ್ನೂ ಎಚ್ಚರ ಆಗಿಲ್ಲ. ಸದ್ಯ, ಮಲಗಲಿ ಬಿಡು” ಎಂದ ಆಂಟಿ ಅಲ್ಲಿಯವರೆಗೆ ಹಿಡಿದಿಟ್ಟಿದ್ದನ್ನೆಲ್ಲ ಬಿಟ್ಟು ಅಳತೊಡಗಿದರು. ನಾನು ಗೋಡೆಗೊರಗಿ ನಿಂತು ಅವರ ಜೊತೆ ಅತ್ತೆ. ಆಚೆ ಹೋಗುತ್ತಿದ್ದವರೊಬ್ಬರು ಟಿಶ್ಯೂ ಕೊಟ್ಟು ಹೋದರು.

ಏಪ್ರಿಲ್‌ನಲ್ಲಿ, ಮರಗಳು ಚಿಗುರತೊಡಗಿದಾಗ, ಅಂಕಲ್ ತಮ್ಮ ಆಲೆಮನೆ ನೋಡಬೇಕೆಂದರು. ನಾಲ್ವರೂ ಹೋದೆವು. ಸ್ವೆಟರಿನೊಳಗೆ ಅವರು ಅರ್ಧವಾಗಿದ್ದರು, ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ರಘು ಬಿರುಕು ಬಿಟ್ಟ ಪಂಪನ್ನು ಒರೆಸಿ, ತೋರಿಸಲೆಂದು ಬಾಗಿಲ ಬಳಿ ಇಟ್ಟಿದ್ದ. ಅವರು ಅದರತ್ತ ತಿರುಗಿಯೂ ನೋಡಲಿಲ್ಲ. ಒಲೆಯ ಮುಂದಿನ ಕುರ್ಚಿಯಲ್ಲಿ ಕುಳಿತು ಕೈ ಚಾಚಿದರು.

“ಎಲ್ಲಿ, ತಗೊಂಡ್ಬಾ ನಿನ್ನ ಸಿರಪ್ಪು.”

“ಒಂದು ಹನಿ ಅಷ್ಟೆ” ಎಂದರು ಆಂಟಿ. “ಸಕ್ಕರೆ ಕಾಯಿಲೆ ಇದೆ ನಿಮಗೆ.”

ಚಮಚದಲ್ಲಿ ಸ್ವಲ್ಪ ಹಾಕಿ ಕೊಟ್ಟೆ. ಪರೀಕ್ಷೆಯ ಪೇಪರು ಕೊಟ್ಟು ಮೇಷ್ಟ್ರ ಮುಖ ನೋಡುವ ಹಾಗೆ ನೋಡುತ್ತ ನಿಂತೆ. ಅವರು ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿದರು.

“ಸೀದಿದೆ” ಎಂದರು.

“ಹೌದು ಅಂಕಲ್.”

“ಚೆನ್ನಾಗೇ ಸೀದಿದೆ.”

“ಹೌದು.”

ಕಣ್ಣು ತೆರೆದು ಚಮಚವನ್ನು ಮತ್ತೆ ನನ್ನ ಕಡೆ ಚಾಚಿದರು. “ಯಾರಿಗೂ ಕೊಟ್ಟಿಲ್ಲ ತಾನೇ?”

“ಇಲ್ಲ.”

“ಕೊಡಬೇಡ. ಎಲ್ಲಾ ನನಗೇ ಬೇಕು.”

ಆಂಟಿ ಬೇಡವೆನ್ನಲು ಬಾಯಿ ತೆರೆದವರು, ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ತಾವೇ ಚಮಚ ತುಂಬಿಸಿದರು.